ಮೂವತ್ತೊಂದು ಚುಕ್ಕಿ

ಆಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿನಲ್ಲಿ, ಗೋಡೆಗೆ ಒತ್ತಿಕೊಂಡು ಮೇಜಿನ ಮೇಲೆ ಕುಳಿತಿರುವ ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಫ್ಲೋ ಸೈಟೋಮೀಟರ್. ಲ್ಯಾಬಿನವರು ಇಟ್ಟ ಹೆಸರು ಅತ್ತೆ. ಕಾರಣವಿಲ್ಲದೆ ಇಟ್ಟದ್ದಲ್ಲ. ಬೆಳಿಗ್ಗೆ ಸ್ವಿಚ್ಚು ಹಾಕಿದ ಮೇಲೆ ಅದಕ್ಕೆ ಮೈ ಬೆಚ್ಚಗಾಗಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಒಂದು ಕ್ಯಾನಿಗೆ ಸ್ವಚ್ಛ ದ್ರವ ತುಂಬಬೇಕು, ಇನ್ನೊಂದು ಕ್ಯಾನಿನ ಕೊಳೆ ಚೆಲ್ಲಬೇಕು, ಕೊಳವೆಯೊಳಗಿನ ಗಾಳಿಗುಳ್ಳೆಗಳನ್ನು ಓಡಿಸಬೇಕು. ಒಂದು ಗುಳ್ಳೆ ಉಳಿದರೂ ಕೀಂ ಎಂದು ಕೂಗಿ ಇಡೀ ಮಹಡಿಗೆ ಸುದ್ದಿ ಮುಟ್ಟಿಸುತ್ತದೆ. ಎಷ್ಟು ಸೇವೆ ಮಾಡಿದರೂ ಹೊಗಳಿಕೆಯ ಮಾತಿಲ್ಲ. ಹೆಚ್ಚೆಂದರೆ ಪರದೆಯ ಮೂಲೆಯಲ್ಲಿ ಒಂದು ಹಸಿರು ದೀಪ ಹತ್ತುತ್ತದೆ.

ಅತ್ತೆಯ ಕೆಲಸ ಎಣಿಸುವುದು. ರೋಗಿಯ ರಕ್ತಕ್ಕೋ ಮೂಳೆಯ ಮಜ್ಜೆಗೋ ಹೊಳೆಯುವ ಬಣ್ಣ ಬೆರೆಸಿ ಚಿಕ್ಕ ಟ್ಯೂಬಿನಲ್ಲಿ ಕೊಟ್ಟರೆ, ಸೂಜಿಯಂಥ ಉಕ್ಕಿನ ಕೊಳವೆಯಿಂದ ಹೀರಿಕೊಂಡು, ಅದರಲ್ಲಿರುವ ಜೀವಕೋಶಗಳನ್ನು ಟಿಕೆಟ್ ಕೌಂಟರಿನ ಮುಂದೆ ನಿಲ್ಲಿಸಿದ ಹಾಗೆ ಒಂದರ ಹಿಂದೆ ಒಂದು ಸಾಲಾಗಿ ಬಿಡುತ್ತದೆ. ಪ್ರತಿಯೊಂದರ ಮೇಲೂ ಲೇಸರ್ ಬೆಳಕು ಬೀಳುತ್ತದೆ. ಯಾವುದು ಯಾವ ಬಣ್ಣಕ್ಕೆ ಹೊಳೆಯಿತೆಂದು ನೋಡಿ ಪರದೆಯ ಮೇಲೆ ಒಂದೊಂದು ಚುಕ್ಕಿ ಇಡುತ್ತದೆ. ಒಳ್ಳೆಯ ಕೋಶಗಳದು ಒಂದು ಗುಂಪು, ಕೆಟ್ಟವುಗಳದು ಇನ್ನೊಂದು. ಐದು ಲಕ್ಷದ ನಡುವೆ ಇಪ್ಪತ್ತು ಕೆಟ್ಟವು ಅವಿತಿದ್ದರೂ ಕಿವಿ ಹಿಡಿದು ಎಳೆದು ತರುತ್ತದೆ. ಈ ಒಂದು ಗುಣಕ್ಕಾಗಿ ಅದರ ಉಳಿದ ಗುಣಗಳನ್ನೆಲ್ಲ ಜನ ಹೊಟ್ಟೆಗೆ ಹಾಕಿಕೊಂಡಿದ್ದರು.

ಹಾಗೆ ಹಾಕಿಕೊಂಡವರಲ್ಲಿ ಮೊದಲಿಗಳು ಅಕ್ಕ. ಲ್ಯಾಬಿನ ಟೆಕ್ನಿಶಿಯನ್, ವಯಸ್ಸು ಐವತ್ತೆರಡು. ತನಗಿಂತ ದೊಡ್ಡವರಿಗೂ ಅವಳು ಅಕ್ಕನೇ. ಅತ್ತೆ ಈ ಮೇಜಿನ ಮೇಲೆ ಬಂದು ಕುಳಿತ ದಿನದಿಂದ ಒಂಬತ್ತು ವರ್ಷ ಅದನ್ನು ಸಂಭಾಳಿಸಿದವಳು ಅವಳೇ. ಅವಳ ಪ್ರಕಾರ ಈ ಯಂತ್ರದ ಆರೋಗ್ಯವಿರುವುದು ತೊಳೆಯುವುದರಲ್ಲಿ. ರೋಗದ ಕೋಶಗಳು ತುಂಬಿದ ಟ್ಯೂಬು ಓಡಿದ ಮೇಲೆ ಹತ್ತು ನಿಮಿಷ ಬ್ಲೀಚು ಎಳೆಸಬೇಕು, ಐದು ನಿಮಿಷ ಸೋಪಿನ ದ್ರಾವಣ, ಐದು ನಿಮಿಷ ನೀರು. ಇಲ್ಲದಿದ್ದರೆ ಒಬ್ಬರ ಕೋಶಗಳು ಕೊಳವೆಯ ಗೋಡೆಗೆ ಅಂಟಿಕೊಂಡಿದ್ದು ಮುಂದಿನವರ ಲೆಕ್ಕದಲ್ಲಿ ಎದ್ದು ಬರುತ್ತವೆ. ಇದನ್ನು ಅವಳು ಲ್ಯಾಬಿಗೆ ಬಂದವರಿಗೆಲ್ಲ ಹೇಳಿದ್ದಳು, ಫ್ಯಾನು ರಿಪೇರಿಗೆ ಬಂದವನಿಗೂ ಬಿಟ್ಟಿರಲಿಲ್ಲ.

ಬ್ಲೀಚಿನಲ್ಲಿ ಒಂದು ತೊಂದರೆಯಿದೆ. ಬಿಸಿಲಿಗೆ ಬಿದ್ದರೆ, ಮುಚ್ಚಳ ಸಡಿಲವಾದರೆ, ಅದರ ಶಕ್ತಿ ಸದ್ದಿಲ್ಲದೆ ಹೊರಟುಹೋಗಿ ಬರೀ ಉಪ್ಪುನೀರು ಉಳಿಯುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆಂದೇ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ವರ್ಷದ ಹಿಂದೆ ಕ್ಲೋರಿನ್ ಪರೀಕ್ಷೆಯ ಕಾಗದದ ಪಟ್ಟಿಗಳ ಡಬ್ಬಿ ತರಿಸಿದ್ದರು. ಅದ್ದಿದರೆ ನೇರಳೆ ಬಣ್ಣಕ್ಕೆ ತಿರುಗಬೇಕು. ಬೆಳ್ಳಗೇ ಉಳಿದರೆ ಚೆಲ್ಲಬೇಕು. ಅಕ್ಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಲು ಬಿಸಿಯಾಯ್ತಾ ಅಂತ ನೋಡೋಕೆ ಮನೇಲಿ ಥರ್ಮಾಮೀಟರ್ ಇಡ್ತೀರಾ ಮೇಡಂ?" ಎಂದು ಕೇಳಿ ಮೇಜಿನ ಕೆಳಗಿನ ಖಾನೆಗೆ ಹಾಕಿದ್ದಳು. ಸೀಲು ಒಡೆದಿರಲಿಲ್ಲ.

ಅಕ್ಕನಿಗೆ ಪಟ್ಟಿ ಬೇಕಿರಲಿಲ್ಲ, ಮೂಗಿತ್ತು. ಬ್ಲೀಚಿನ ಕ್ಯಾನಿನ ಬಾಯಿಗೆ ಒಮ್ಮೆ ಮೂಗು ಹಿಡಿದು "ಇನ್ನೊಂದು ವಾರ ಬರುತ್ತೆ" ಎಂದರೆ ಒಂದು ವಾರ ಬರುತ್ತಿತ್ತು. ಫ್ರಿಜ್ಜಿನಲ್ಲಿ ಯಾವ ಬಾಟಲಿ ಕೆಟ್ಟಿದೆ, ಯಾವ ವೈರು ಸುಡಲು ಹೊರಟಿದೆ, ಎಲ್ಲ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಪಕ್ಕದ ವಿಭಾಗದವರೂ ಸಂಶಯ ಬಂದ ಬಾಟಲಿ ಹಿಡಿದುಕೊಂಡು ಅವಳ ಹತ್ತಿರ ಬರುತ್ತಿದ್ದರು. ಅವಳು ಮೂಸಿ ಹೇಳಿದ್ದಕ್ಕೆ ಮೇಲ್ಮನವಿ ಇರಲಿಲ್ಲ.

ಮನೆಯಲ್ಲೂ ಇರಲಿಲ್ಲ. ಅವಳ ಗಂಡ ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. ಎಲ್ಲರ ಬಾಯಲ್ಲಿ ಲಿಫ್ಟಣ್ಣ. ಆರು ವರ್ಷದ ಹಿಂದಿನವರೆಗೆ ಸಿಗರೇಟು ಸೇದುತ್ತಿದ್ದ. ಕೈ ತೊಳೆದು, ಲವಂಗ ಅಗಿದು, ಅಂಗಿ ಬದಲಿಸಿ ಬಂದರೂ ಅವಳು ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

"ಎಷ್ಟು?"

"ಒಂದು ಕಣೇ."

"ಎರಡು."

ಎರಡೇ ಆಗಿರುತ್ತಿತ್ತು. ಇಂಥ ಹೆಂಡತಿಯನ್ನು ಕಟ್ಟಿಕೊಂಡು ಸೇದುವುದರಲ್ಲಿ ಸುಖವಿಲ್ಲವೆಂದು ಅವನು ಕೊನೆಗೆ ಬಿಟ್ಟೇಬಿಟ್ಟ. ಆರೋಗ್ಯಕ್ಕಾಗಿ ಬಿಟ್ಟೆ ಎಂದು ಹೊರಗೆ ಹೇಳಿಕೊಂಡ.

ಮೂರು ವಾರದ ಹಿಂದೆ ಅಕ್ಕನಿಗೆ ಜ್ವರ ಬಂತು. ಐದು ದಿನ ಮಲಗಿ ಎದ್ದು ಕೆಲಸಕ್ಕೆ ಬಂದು, ಬ್ಲೀಚಿನ ಕ್ಯಾನು ತೆರೆದು ಮೂಗು ಹಿಡಿದಳು. ಏನೂ ಇಲ್ಲ. ಮೂಗು ಕಟ್ಟಿರಬೇಕು ಎಂದುಕೊಂಡಳು. ಆದರೆ ಉಸಿರು ಸರಾಗವಾಗಿ ಆಡುತ್ತಿತ್ತು. ಮನೆಗೆ ಹೋಗಿ ಸೋಪು ಮೂಸಿದಳು, ಬೂಟ್ ಪಾಲಿಶ್ ಮೂಸಿದಳು, ಬೆಂಕಿಕಡ್ಡಿ ಗೀರಿ ಆರಿಸಿ ಅದರ ಹೊಗೆ ಮೂಸಿದಳು. ಎಲ್ಲವೂ ಒಂದೇ, ಗಾಜಿನ ಲೋಟದ ಹಾಗೆ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೆದರಿಕೆ, ಬೇರೇನೂ ಅಲ್ಲ. ಡಾಕ್ಟರಮ್ಮನ ಹೆಸರಿನ ಮುಂದೆ ಒಂದೂವರೆ ಸಾಲು ಡಿಗ್ರಿಗಳಿದ್ದವು. ಯಂತ್ರ ನೋಡಲು ಬರುವ ಇಂಜಿನಿಯರಿಗೆ ಲ್ಯಾಪ್‌ಟಾಪಿತ್ತು. ಅಕ್ಕನಿಗೆ ಇದ್ದದ್ದು ಮೂಗು. ಅದೂ ಹೋಯಿತೆಂದರೆ ಟ್ಯೂಬು ತೊಳೆಯುವ ಹೆಂಗಸಾಗಿ ಉಳಿಯುತ್ತೇನೆ ಎನ್ನುವುದು ಅವಳ ಲೆಕ್ಕ. ಹಾಗಾಗಿ ಮೂಸುವುದನ್ನು ಬಿಡಲಿಲ್ಲ. ಬಾಟಲಿ ತಂದವರ ಮುಖ ನೋಡುತ್ತಿದ್ದಳು, ಮುಖ ಸಿಂಡರಿಸಿದ್ದರೆ "ಕೆಟ್ಟಿದೆ, ಚೆಲ್ಲಿ" ಎನ್ನುತ್ತಿದ್ದಳು, ಇಲ್ಲದಿದ್ದರೆ "ಪರವಾಗಿಲ್ಲ." ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತಿತ್ತು.

ಎರಡು ವಾರದ ಹಿಂದೆ ಸ್ಟೋರಿನಿಂದ ಹೊಸ ಬ್ಲೀಚಿನ ಕ್ಯಾನು ಬಂತು. ಸ್ಟೋರಿನವರು ಅದನ್ನು ಬೇಸಿಗೆಯಿಡೀ ಪಶ್ಚಿಮದ ಕಿಟಕಿಯ ಕೆಳಗೆ ಇಟ್ಟಿದ್ದರು. ಅದನ್ನು ತಂದಿಟ್ಟವರು ಇಟ್ಟು ಹೊರಟುಹೋಗಿದ್ದರಿಂದ ನೋಡಲು ಮುಖವೂ ಇರಲಿಲ್ಲ. ಅಕ್ಕ ಮುಚ್ಚಳ ತೆಗೆದಳು, ಮೂಗು ಹಿಡಿದಳು, ರಿಜಿಸ್ಟರಿನಲ್ಲಿ "ಬ್ಲೀಚು ಸರಿಯಿದೆ" ಎಂದು ಬರೆದು ಸಹಿ ಹಾಕಿದಳು.

ಅಂದಿನಿಂದ ಅತ್ತೆಗೆ ದಿನವೂ ಉಪ್ಪುನೀರಿನ ಸ್ನಾನ. ಕೊಳೆಯ ಕ್ಯಾನಿಗೂ ಅದನ್ನೇ ಹಾಕುತ್ತಿದ್ದುದರಿಂದ ಅದರೊಳಗಿನ ರಕ್ತದ ನೀರು ಕೊಳೆತು, ನಾಲ್ಕನೇ ದಿನಕ್ಕೆ ಕೋಣೆ ಗಬ್ಬು ನಾರತೊಡಗಿತು. ಬಂದವರೆಲ್ಲ ಬಾಗಿಲಲ್ಲೇ ಒಂದು ಕ್ಷಣ ನಿಲ್ಲುತ್ತಿದ್ದರು. ಒಳಗೆ ನೋಡಿದರೆ ಅಕ್ಕ ನೆಮ್ಮದಿಯಾಗಿ ಕುಳಿತು ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದಾಳೆ. ಅಕ್ಕನೇ ಸುಮ್ಮನಿದ್ದಾಳೆಂದರೆ ವಾಸನೆ ಇಲ್ಲವೆಂದೇ ಅರ್ಥ. ಕೆಟ್ಟಿರುವುದು ತಮ್ಮ ಮೂಗೇ. ತುಟಿ ಪಿಟಕ್ಕೆನ್ನದೆ ಒಳಗೆ ಬಂದು, ಕೆಲಸ ಮುಗಿಸಿ, ಹೊರಗೆ ಹೋಗಿ ಉಸಿರು ಬಿಡುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕನೇ ಮಹಡಿಯ ವಾರ್ಡಿನಿಂದ ಎರಡು ಟ್ಯೂಬು ಬಂದವು. ಮೊದಲನೆಯದು ಹಿಂದಿನ ದಿನವಷ್ಟೇ ಸೇರಿದ ಹೊಸ ರೋಗಿಯದು. ರಕ್ತದ ಕ್ಯಾನ್ಸರು. ಟ್ಯೂಬು ಇಟ್ಟ ಕೂಡಲೇ ಪರದೆಯಲ್ಲಿ ಕೆಟ್ಟ ಕೋಶಗಳು ಬೀಳುವ ಮೂಲೆ ಕಪ್ಪಗೆ ತುಂಬಿಹೋಯಿತು. ಎಣಿಸುವ ಅಗತ್ಯವೇ ಇರಲಿಲ್ಲ. ಎರಡನೆಯದು ಟೈಲರಮ್ಮನದು.

ಟೈಲರಮ್ಮನಿಗೂ ಅದೇ ಜಾತಿಯ ಕ್ಯಾನ್ಸರು. ಎಂಟು ತಿಂಗಳಿಂದ ಔಷಧಿ ಏರಿಸಿಕೊಂಡು, ಕೂದಲು ಕಳೆದುಕೊಂಡು, ಸಾಕಾಗಿ ಹೋಗಿದ್ದ ಹೆಂಗಸು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ನಡೆಯಲು ಶಕ್ತಿಯಿದ್ದ ದಿನ ಲ್ಯಾಬಿನ ಬಾಗಿಲಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಅಕ್ಕನ ಏಪ್ರನ್ನಿನ ಕಿತ್ತುಹೋದ ಜೇಬು ಹೊಲಿದುಕೊಟ್ಟವಳು ಅವಳು. ಅತ್ತೆಗೆ ಧೂಳು ಕೂರದಂತೆ ಹಳೆಯ ಹಸಿರು ಬೆಡ್‌ಶೀಟಿನಲ್ಲಿ ಒಂದು ಹೊದಿಕೆ ಹೊಲಿದವಳೂ ಅವಳೇ, ಪಕ್ಕದಲ್ಲಿ ರಿಜಿಸ್ಟರ್ ಇಡಲು ಚೀಲವಿಟ್ಟು. "ನಿಮ್ಮತ್ತೆ ಸೊಂಟದ ಅಳತೆ ತಗೊಳ್ಳೋಕೆ ಬಿಡ್ತಾರಾ?" ಎಂದು ಕೇಳಿ, ಬಿಟ್ಟ ಮೇಲೆ ಟೇಪು ಹಿಡಿದಿದ್ದಳು. ಈ ಸಲದ ಟ್ಯೂಬಿನಲ್ಲಿ ಕೆಟ್ಟ ಕೋಶ ಇಪ್ಪತ್ತಕ್ಕಿಂತ ಕಡಿಮೆ ಬಂದರೆ ಮನೆಗೆ. ಹೆಚ್ಚು ಬಂದರೆ ಔಷಧಿ ಮೊದಲಿನಿಂದ, ಇನ್ನೂ ಕಟುವಾದದ್ದು.

ಅಕ್ಕ ನಿಯಮದಂತೆ ಹತ್ತು ನಿಮಿಷ ಬ್ಲೀಚು, ಐದು ಸೋಪು, ಐದು ನೀರು ಎಳೆಸಿ, ಟೈಲರಮ್ಮನ ಟ್ಯೂಬು ಇಟ್ಟಳು. ಐದು ಲಕ್ಷ ಕೋಶ ಸಾಲಾಗಿ ಹೋದವು. ಕೆಟ್ಟ ಮೂಲೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಬಿದ್ದವು. ಮೂವತ್ತೊಂದು.

ಡಾಕ್ಟರಮ್ಮ ಪರದೆಯ ಮುಂದೆ ಬಗ್ಗಿ ಇನ್ನೊಮ್ಮೆ ಎಣಿಸಿದರು.

"ಛೆ. ಇವರು ಮನೆಗೆ ಹೋಗ್ತಾರೆ ಅಂತಲೇ ಅಂದ್ಕೊಂಡಿದ್ದೆ. ಅಕ್ಕಾ, ಮಧ್ಯದಲ್ಲಿ ತೊಳೆದಿದ್ರಿ ತಾನೆ?"

"ತೊಳೆದಿದ್ದೆ ಮೇಡಂ."

"ಬ್ಲೀಚು?"

"ಚೆನ್ನಾಗಿದೆ. ನಾನೇ ಮೂಸಿ ನೋಡಿದ್ದೀನಿ."

ಬೇರೆ ಯಾರಾದರೂ ಹೇಳಿದ್ದರೆ ಡಾಕ್ಟರಮ್ಮ ಖಾಲಿ ನೀರಿನ ಟ್ಯೂಬು ಓಡಿಸಿ ನೋಡುತ್ತಿದ್ದರು. ಹೇಳಿದವಳು ಅಕ್ಕ. ಅವರು ನಿಟ್ಟುಸಿರು ಬಿಟ್ಟು, ರಿಪೋರ್ಟು ಬರೆಯಲು ತಮ್ಮ ಕೋಣೆಗೆ ಹೋದರು. ಮೂರು ಗಂಟೆಗೆ ವಾರ್ಡಿನ ಡಾಕ್ಟರುಗಳ ಮೀಟಿಂಗಿತ್ತು. ಟೈಲರಮ್ಮನ ವಿಷಯ ಅಲ್ಲಿ ತೀರ್ಮಾನವಾಗಬೇಕು.

ಅಕ್ಕ ಪರದೆಯ ಮುಂದೆಯೇ ಕುಳಿತಳು. ಚುಕ್ಕಿಗಳು ಬಿದ್ದಿದ್ದ ಜಾಗ ಅವಳಿಗೆ ಸರಿಕಾಣಲಿಲ್ಲ. ಎಂಟು ತಿಂಗಳಿಂದ ಟೈಲರಮ್ಮನ ಕೆಟ್ಟ ಕೋಶಗಳನ್ನು ನೋಡಿದ್ದಳು, ಅವು ಸ್ವಲ್ಪ ಎಡಕ್ಕೆ ಬೀಳುತ್ತಿದ್ದವು. ಇವು ಬಲಕ್ಕಿದ್ದವು, ಬೆಳಗಿನ ಹೊಸ ರೋಗಿಯ ಕಪ್ಪು ಗುಂಪು ಇದ್ದಲ್ಲೇ. ಔಷಧಿಗೆ ಜಾಗ ಬದಲಿಸಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಊಟದ ಡಬ್ಬಿ ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಹೋದಳು.

ಲಿಫ್ಟಣ್ಣ ಆಗಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ದಿನವೂ ಅಲ್ಲೇ ಇಬ್ಬರ ಊಟ. ಇತ್ತೀಚೆಗೆ ಅವನು ಬಹಳ ಗೆಲುವಾಗಿರುತ್ತಿದ್ದ. ಯಾವ ಡಾಕ್ಟರು ಲಿಫ್ಟಿನಲ್ಲಿ ಫೋನಿನಲ್ಲಿ ಯಾರಿಗೆ ಬೈದರು ಎಂದು ವರದಿ ಒಪ್ಪಿಸುತ್ತಿದ್ದಾಗ ಮೇಲಿನಿಂದ ಎಕ್ಸ್‌ರೇ ವಿಭಾಗದ ನರ್ಸ್ ಇಳಿದು ಬಂದಳು. ದಾಟಿ ಹೋಗುತ್ತಾ ಮೂಗು ಮುಚ್ಚಿಕೊಂಡು ನಕ್ಕಳು.

"ಏನ್ ಲಿಫ್ಟಣ್ಣ, ಮತ್ತೆ ಶುರುವಾಯ್ತಾ? ಲಿಫ್ಟೊಳಗೆ ಹತ್ತಿದ್ರೆ ಸಿಗರೇಟ್ ಅಂಗಡಿಗೆ ಹೋದ ಹಾಗಿರುತ್ತೆ. ಅಕ್ಕ ಹೇಗೆ ಸುಮ್ನಿದ್ದಾರೋ!"

ನರ್ಸ್ ಹೋದಳು. ಲಿಫ್ಟಣ್ಣನ ಮುಖ ಹುಳ್ಳಗಾಯಿತು. ಅಕ್ಕ ತುತ್ತನ್ನು ಡಬ್ಬಿಗೇ ವಾಪಸು ಹಾಕಿದಳು.

"ಯಾವತ್ತಿಂದ?"

"ನಿನ್ನ ಜ್ವರ ಬಿಟ್ಟ ಮೇಲೆ. ಒಂದಿನ ತಡೀಲಾರದೆ ಸೇದಿದೆ. ಬೈತೀಯ ಅಂತ ಬಂದು ನಿಂತೆ, ನೀನು ಏನೂ ಹೇಳಲಿಲ್ಲ. ಮಾರನೇ ದಿನ ಪಕ್ಕದಲ್ಲೇ ಬಂದು ಕೂತೆ. ಆಗಲೂ ಇಲ್ಲ. ಆವಾಗ ಗೊತ್ತಾಯ್ತು, ನಿನಗೆ ಗೊತ್ತಾಗ್ತಿಲ್ಲ ಅಂತ."

"ನನಗೊಂದು ಮಾತು ಹೇಳ್ಬಾರದಿತ್ತಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ.

"ಹೇಳಿದ್ರೆ ಬಿಡ್ಬೇಕಾಗಿತ್ತಲ್ಲ."

ಅಕ್ಕನಿಗೆ ಅಳು ಬಂತು, ಸಿಟ್ಟೂ ಬಂತು; ಯಾವುದಕ್ಕೂ ಆಗ ಪುರುಸೊತ್ತಿರಲಿಲ್ಲ. ಗಂಡನ ತೋಳು ಹಿಡಿದು ಎಬ್ಬಿಸಿ ಲ್ಯಾಬಿಗೆ ಕರೆತಂದಳು. ಅವನು ಬಾಗಿಲಲ್ಲಿ ನಿಂತ.

"ಯಾಕ್ರೀ ನಿಂತ್ರಿ?"

"ಹತ್ತು ದಿನದಿಂದ ಈ ರೂಮು ಸತ್ತ ಇಲಿ ಥರ ನಾರ್ತಿದೆ ಕಣೇ. ಎರಡನೇ ಮಹಡಿ ಬಂದ್ರೆ ಲಿಫ್ಟಲ್ಲಿರೋರೆಲ್ಲ ಉಸಿರು ಹಿಡೀತಾರೆ."

ಅಕ್ಕ ಬ್ಲೀಚಿನ ಕ್ಯಾನಿನ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದಳು. ಅವನು ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ, ಮೂರನೇ ಸಲ ಮೂಗನ್ನು ಕ್ಯಾನಿನ ಬಾಯೊಳಗೇ ಇಳಿಸಿದ.

"ಇದು ನೀರು."

"ಸರಿಯಾಗಿ ನೋಡ್ರೀ."

"ನನ್ನ ಸಿಗರೇಟ್ ಮೂಗಿಗೇ ಗೊತ್ತಾಗುತ್ತೆ. ಬರೀ ನೀರು."

ಅವಳು ಕೆಳಗಿನ ಖಾನೆ ಎಳೆದು, ಪಟ್ಟಿಗಳ ಡಬ್ಬಿಯ ಸೀಲು ಹಲ್ಲಿನಿಂದ ಕಿತ್ತು, ಒಂದನ್ನು ಕ್ಯಾನಿಗೆ ಅದ್ದಿ ಹಿಡಿದಳು. ಇಬ್ಬರೂ ಕಾದರು. ಪಟ್ಟಿ ಬೆಳ್ಳಗಿತ್ತು. ಇನ್ನೊಂದು ಅದ್ದಿದಳು. ಅದೂ ಬೆಳ್ಳಗಿತ್ತು. ಗೋಡೆಯ ಗಡಿಯಾರದಲ್ಲಿ ಎರಡಾಗಲು ಹತ್ತು ನಿಮಿಷವಿತ್ತು.

ಡಾಕ್ಟರಮ್ಮನ ಕೋಣೆಗೆ ಹದಿನಾಲ್ಕು ಹೆಜ್ಜೆ. ಅಷ್ಟರಲ್ಲಿ ಅವಳಿಗೆ ಮೂರು ದಾರಿ ಹೊಳೆದವು. ಸ್ಟೋರಿನವರು ಕೆಟ್ಟ ಕ್ಯಾನು ಕೊಟ್ಟರು ಎನ್ನಬಹುದಿತ್ತು. ಅದು ನಿಜವೂ ಹೌದು. ನನಗೆ ಸಂಶಯ ಬಂತು, ಇನ್ನೊಮ್ಮೆ ಓಡಿಸೋಣ ಎಂದಷ್ಟೇ ಹೇಳಬಹುದಿತ್ತು. ಆಗ ಮೂಗಿನ ಕೀರ್ತಿ ಇನ್ನೊಂದು ಮೊಳ ಬೆಳೆಯುತ್ತಿತ್ತು. ಆದರೆ ಹಾಗಂದರೆ ಎರಡು ವಾರದ ಉಳಿದ ರಿಪೋರ್ಟುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಉಳಿದದ್ದು ಮೂರನೆಯದು. ಬಾಗಿಲು ತಟ್ಟಿ, ನಿಂತುಕೊಂಡೇ ಹೇಳಿಬಿಟ್ಟಳು.

"ಮೇಡಂ, ನನಗೆ ಮೂರು ವಾರದಿಂದ ವಾಸನೆ ಬರ್ತಿಲ್ಲ. ಬ್ಲೀಚು ಮೂಸಿ ನೋಡಿದೆ ಅಂದಿದ್ದು ಸುಳ್ಳು. ಅದು ಸತ್ತು ನೀರಾಗಿದೆ. ಟೈಲರಮ್ಮನ ಮೂವತ್ತೊಂದು ಅವರದ್ದಲ್ಲ ಅನ್ಸುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಗುಳಕ್ಕೆ ಅಕ್ಕ ತಲೆ ತಗ್ಗಿಸಿ ಸಿದ್ಧಳಾದಳು.

"ಹಾಗಾದ್ರೆ ಆ ಕೆಟ್ಟ ವಾಸನೆ ನಿಜವಾಗ್ಲೂ ಇತ್ತಾ?"

"ಇತ್ತಂತೆ ಮೇಡಂ."

"ನಾನು ಹೋದ ವಾರ ಮೂಗಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ ಅಕ್ಕಾ. ಇಲ್ಲದ ವಾಸನೆ ಬರ್ತಿದೆ ಅಂತ. ಮೂಗೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ರು."

ಬೈಗುಳ ಆಮೇಲೆ ಬಂತು, ಕಾರಿಡಾರಿನಲ್ಲಿ ನಡೆಯುತ್ತಲೇ, ಚೆನ್ನಾಗಿಯೇ ಬಂತು. ಮೂಗು ಹೋಗಿದ್ದಕ್ಕಲ್ಲ, ಬಾಯಿ ಬಿಡದೇ ಇದ್ದದ್ದಕ್ಕೆ. ಡಾಕ್ಟರಮ್ಮ ಮೀಟಿಂಗಿಗೆ ಫೋನು ಮಾಡಿ ಟೈಲರಮ್ಮನ ವಿಷಯ ಕೊನೆಗಿಡಲು ಹೇಳಿದರು.

ಮೊದಲು ತಪ್ಪನ್ನು ಕೈಯಾರೆ ಹಿಡಿಯಬೇಕಿತ್ತು. ಹೊಸಬರ ಟ್ಯೂಬಿನಲ್ಲಿ ಉಳಿದದ್ದನ್ನು ಓಡಿಸಿ, ಅದೇ ಸತ್ತ ಬ್ಲೀಚಿನಲ್ಲಿ ತೊಳೆದು, ಆಮೇಲೆ ಬರೀ ಶುದ್ಧ ನೀರಿನ ಟ್ಯೂಬು ಇಟ್ಟರು. ಕೋಶವೇ ಇಲ್ಲದ ನೀರಿನಲ್ಲಿ ಕೆಟ್ಟ ಮೂಲೆಗೆ ಇಪ್ಪತ್ತಾರು ಚುಕ್ಕಿ ಬಿದ್ದವು. ನೀರಿಗೂ ಕ್ಯಾನ್ಸರು. ಯಾರೂ ನಗಲಿಲ್ಲ.

ಲಿಫ್ಟಣ್ಣ ಆಪರೇಷನ್ ಥಿಯೇಟರಿನ ಸ್ಟೋರಿನಿಂದ ಹೊಸ ಬ್ಲೀಚು ತಂದ. ಪಟ್ಟಿ ಅದ್ದುತ್ತಲೇ ಗಾಢ ನೇರಳೆಯಾಯಿತು. ಹತ್ತು ನಿಮಿಷ, ಐದು, ಐದು. ಮತ್ತೆ ನೀರಿನ ಟ್ಯೂಬು: ಪರದೆ ಖಾಲಿ. ಮೂರು ಗಂಟೆ ಐದು ನಿಮಿಷಕ್ಕೆ ಟೈಲರಮ್ಮನ ಟ್ಯೂಬಿನ ಉಳಿದ ಪಾಲನ್ನು ಇಟ್ಟರು. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂಲೆಯನ್ನೇ ನೋಡಿದಳು. ಒಂದು ಲಕ್ಷಕ್ಕೆ ಒಂದು ಚುಕ್ಕಿ ಬಿತ್ತು. ಮೂರು ಲಕ್ಷಕ್ಕೆ ಇನ್ನೊಂದು. ಐದು ಲಕ್ಷ ಮುಗಿದಾಗ ಒಟ್ಟು ಮೂರು. ಅಷ್ಟು ಧೂಳಿಗೂ ಬೀಳುತ್ತವೆ. ಮೂಲೆಯಲ್ಲಿ ಅತ್ತೆ ಹಸಿರು ದೀಪ ಹತ್ತಿಸಿದಳು.

ಅಕ್ಕ ಏಪ್ರನ್ನಿನ ಜೇಬಿನಲ್ಲಿ ಕರವಸ್ತ್ರ ಹುಡುಕಿದಳು. ಟೈಲರಮ್ಮ ಹೊಲಿದ ಜೇಬು ಭದ್ರವಾಗಿತ್ತು.

ಅಂದು ಐದೂವರೆವರೆಗೆ ಅಕ್ಕ, ಡಾಕ್ಟರಮ್ಮ ಇಬ್ಬರೂ ಕೂತು ಎರಡು ವಾರದ ರಿಪೋರ್ಟುಗಳನ್ನೆಲ್ಲ ತೆಗೆದರು. ಇಂಥ ತಪ್ಪಿನಿಂದ ಇಲ್ಲದ ರೋಗ ಕಾಣಬಹುದೇ ಹೊರತು ಇರುವ ರೋಗ ಮರೆಯಾಗುವುದಿಲ್ಲ. ಹಾಗಾಗಿ ಸ್ವಚ್ಛವೆಂದು ಬರೆದವು ಸ್ವಚ್ಛವೇ. ಅನುಮಾನಕ್ಕೆ ಉಳಿದದ್ದು ಎರಡು. ಇಬ್ಬರನ್ನೂ ಮತ್ತೆ ಕರೆಸಲು ಪತ್ರ ಬರೆದರು. ಅವರಲ್ಲಿ ಒಬ್ಬರು ಆಗಲೇ ಒಂದು ವಾರದ ಮಾತ್ರೆ ನುಂಗಿದ್ದರು. ಆ ಪತ್ರದಲ್ಲಿ ಡಾಕ್ಟರಮ್ಮನ ಸಹಿಯ ಕೆಳಗೆ ಯಾರೂ ಕೇಳದೆಯೇ ಅಕ್ಕ ತನ್ನ ಸಹಿಯನ್ನೂ ಹಾಕಿದಳು. ಮರುದಿನ ಅವಳಿಗೊಂದು ಮೆಮೊ ಬಂತು. ಅದನ್ನು ಮಡಿಸಿ, ಪಟ್ಟಿಗಳ ಡಬ್ಬಿಯ ಪಕ್ಕದಲ್ಲಿಟ್ಟಳು. ರಾತ್ರಿ ಮನೆಯಲ್ಲಿ ಗಂಡ ಊಟಕ್ಕೆ ಕೂತಾಗ ಅಡುಗೆಮನೆಯಿಂದ "ಎಷ್ಟು?" ಎಂದು ಕೇಳಿದಳು. ಲಿಫ್ಟಣ್ಣ ಒಂದು ಎನ್ನಬಹುದಿತ್ತು, ಇಲ್ಲವೇ ಇಲ್ಲ ಎನ್ನಬಹುದಿತ್ತು. "ಎರಡು" ಎಂದ. ಅವಳು ನಂಬಬೇಕಾಯಿತು.

ಗುರುವಾರ ಬೆಳಿಗ್ಗೆ ಟೈಲರಮ್ಮ ಬ್ಯಾಗು ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಳು. ತಲೆಗೆ ತಾನೇ ಹೊಲಿದ ನೀಲಿ ಟೋಪಿ. "ಹೋಗಿ ಬರ್ತೀನಿ ಅಕ್ಕಾ. ಬರ್ತೀನಿ ಅನ್ಬಾರ್ದು, ಹೋಗ್ತೀನಿ" ಎಂದು ನಕ್ಕಳು.

ಅಕ್ಕ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದಳು. ಮೂಗು, ಬ್ಲೀಚು, ತಾನು ಹೇಳಿದ ಸುಳ್ಳು, ಮೂವತ್ತೊಂದು. "ನಿಮಗೆ ಮತ್ತೆ ಔಷಧಿ ಏರಿಸೋಕೆ ಹೊರಟಿದ್ವಿ. ನನ್ನಿಂದ" ಎಂದಳು.

ಟೈಲರಮ್ಮ ಹಸಿರು ಹೊದಿಕೆಯ ಅಂಚಿನಿಂದ ಒಂದು ನೂಲೆಳೆ ಕಿತ್ತು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಿಟ್ಟಾದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಕೇಳಿದಳು.

"ನನ್ನದಲ್ಲ ಅಂದ್ರೆ, ಆ ಮೂವತ್ತೊಂದು ಯಾರದ್ದು?"

ಎರಡು ದಿನದಿಂದ ಆ ಚುಕ್ಕಿಗಳು ಟೈಲರಮ್ಮನವಲ್ಲ ಎನ್ನುವುದೊಂದೇ ಅಕ್ಕನ ತಲೆಯಲ್ಲಿತ್ತು. ಯಾವ ಟ್ಯೂಬಿನವು ಎಂದು ಗೊತ್ತಿತ್ತು; ಯಾರವು ಎಂದು ಅವಳೂ ಕೇಳಿಕೊಂಡಿರಲಿಲ್ಲ, ಡಾಕ್ಟರಮ್ಮನೂ ಕೇಳಿರಲಿಲ್ಲ.

"ಹೆಸರು ಹೇಳೋ ಹಾಗಿಲ್ಲ."

"ಹೆಸರು ಬೇಡ. ಸೋಮವಾರ ನನ್ನ ಪಕ್ಕದ ಮಂಚಕ್ಕೆ ಒಬ್ಬಳು ಬಂದಳು. ಅವತ್ತಿಂದ ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ಯಾರ ಹತ್ರನೂ ಮಾತಿಲ್ಲ. ಅವಳದ್ದೇ ತಾನೆ?"

ಅಕ್ಕ ಮೇಜಿನ ಮೇಲಿನ ಟ್ಯೂಬುಗಳನ್ನು ಹೆಸರು ಕಾಣದಂತೆ ತಿರುಗಿಸಿಟ್ಟಳು. ಟೈಲರಮ್ಮ ಎದ್ದು, ಬ್ಯಾಗನ್ನು ಅತ್ತೆಯ ಮೇಜಿನ ಕೆಳಗೆ ತಳ್ಳಿ, ಅದರೊಳಗಿಂದ ಟೇಪನ್ನಷ್ಟೇ ತೆಗೆದುಕೊಂಡಳು.

"ಕೂದಲು ಹೋಗೋ ಮುಂಚೆ ಟೋಪಿ ಅಳತೆ ತಗೊಂಡ್ರೆ ಸಡಿಲ ಆಗುತ್ತೆ. ಆದ್ರೂ ತಗೊಳ್ತೀನಿ. ಆಮೇಲೆ ಒಳಗೆ ಮಡಿಸಿ ಹೊಲಿದ್ರಾಯ್ತು."

ಕಾರಿಡಾರಿನ ಕೊನೆಯಲ್ಲಿ ಲಿಫ್ಟಣ್ಣ ಬಾಗಿಲು ತೆರೆದು ಕೆಳಗಿನ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. "ಕೆಳಗೆ ತಾನೆ ಅಮ್ಮ, ಮನೆಗೆ?" ಎಂದು ಕೇಳಿದ್ದು ಅಕ್ಕನಿಗೆ ಕೇಳಿಸಿತು.

"ಮೇಲೆ ಹೋಗಿ ಬರೋಣ. ನಾಲ್ಕು."

ಲಿಫ್ಟಿನ ಬಾಗಿಲು ಮುಚ್ಚಿತು. ಅಕ್ಕ ಡಬ್ಬಿಯಿಂದ ಒಂದು ಪಟ್ಟಿ ತೆಗೆದು ಬ್ಲೀಚಿಗೆ ಅದ್ದಿ, ನೇರಳೆಯಾಗುವವರೆಗೆ ನೋಡಿ, ರಿಜಿಸ್ಟರಿನಲ್ಲಿ ಬರೆದಳು. ಆಮೇಲೆ ಬೆಳಗಿನ ಮೊದಲ ಟ್ಯೂಬು ಎತ್ತಿಕೊಂಡು, ಅದರ ಮೇಲಿನ ಹೆಸರನ್ನು ಓದಿದಳು.